ಕಪ್ಪು ಚಹಾ ಹೋಲಿಕೆಯ ದಾಖಲೆ: ಡಾರ್ಜಿಲಿಂಗ್ ಎರಡು ಕೊಯ್ಲು, ಜೊತೆಗೆ ಆರಿದ ಲೋಟದ ಪರೀಕ್ಷೆ

ಕಪ್ಪು ಚಹಾದ ಬಗೆಗಳನ್ನು ಹಾಲು, ಸಕ್ಕರೆ ಬೆರೆಸದೆ ಅಕ್ಕಪಕ್ಕದಲ್ಲಿಟ್ಟು ಸವಿದು ದಾಖಲಿಸುವ ಈ ಕೆಲಸದಲ್ಲಿ ಅಸ್ಸಾಂ ಮತ್ತು ನೀಲಗಿರಿಯ ಭಾಗಗಳು ಮುಗಿದಿದ್ದು, ಈಗ ಡಾರ್ಜಿಲಿಂಗ್ ನಡೆಯುತ್ತಿದೆ; ಸಿಲೋನ್ (ಶ್ರೀಲಂಕಾ) ಮಾದರಿಗಳು ಬಂದು ಕೂತಿವೆ, ಚೀನಾದ ಸರದಿ ಇನ್ನೂ ದೂರವಿದೆ. ವಿಧಾನ ಮೊದಲಿನದೇ. ಐಎಸ್‌ಒ 3103 ಎಂಬ ಚಹಾ ರುಚಿಪರೀಕ್ಷೆಯ ಅಂತರರಾಷ್ಟ್ರೀಯ ಮಾನಕದಂತೆ 100 ಮಿಲಿಲೀಟರ್ ಕುದಿಯುವ ನೀರಿಗೆ 2 ಗ್ರಾಂ ಎಲೆ ಹಾಕಿ, ಮುಚ್ಚಳ ಮುಚ್ಚಿ, 6 ನಿಮಿಷ ಬಿಡುತ್ತೇನೆ. ಹೀಗೆ ತಯಾರಾದ ಚಹಾ ಕುಡಿಯಲು ಹಿತವಾಗಿರುವುದಿಲ್ಲ, ನಾಲಿಗೆಯನ್ನು ಒಗರು ಹಿಡಿದುಬಿಡುತ್ತದೆ. ಆದರೆ ಎಲೆಯ ಗುಣವನ್ನೂ ಕೊರತೆಯನ್ನೂ ಎತ್ತಿ ತೋರಿಸುವುದೇ ಇದರ ಉದ್ದೇಶ. ಸುಮ್ಮನೆ ಕುಡಿಯುವುದಕ್ಕಾದರೆ ಇದರ ಅರ್ಧ ಹೊತ್ತು ಸಾಕು.

ನೀರಿನ ಬಗ್ಗೆ ಒಂದು ಮಾತು. ಬೆಂಗಳೂರಿನ ನಮ್ಮ ಬಡಾವಣೆಗೆ ಕಾವೇರಿ ನೀರೂ ಬೋರ್‌ವೆಲ್ ನೀರೂ ಬರುವುದರಿಂದ ಒಂದೇ ಚಹಾವನ್ನು ಎರಡರಲ್ಲೂ ಮಾಡಿ ನೋಡಿದೆ. ಬೋರ್‌ವೆಲ್ ನೀರಿನ ಲೋಟದಲ್ಲಿ ಬಣ್ಣ ಮಂಕಾಗಿ, ಮೇಲೆ ತೆಳುವಾದ ಪೊರೆ ಕಟ್ಟಿತು. ಚಮಚದಿಂದ ತಳ್ಳಿದರೆ ಅದು ಒಡೆದು ಚೂರು ಚೂರಾಗಿ ಲೋಟದ ಅಂಚಿಗೆ ಅಂಟಿಕೊಳ್ಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಅಂಶಗಳು ಚಹಾಕ್ಕೆ ಒಗರು ಕೊಡುವ ಪಾಲಿಫಿನಾಲ್‌ಗಳೊಂದಿಗೆ ಮೇಲ್ಮೈಯಲ್ಲಿ ಗಾಳಿ ತಾಗಿದಲ್ಲಿ ಸೇರಿ ಈ ಪೊರೆಯಾಗುತ್ತದೆ. ನಾಲ್ಕು ಹನಿ ನಿಂಬೆರಸ ಬಿಟ್ಟರೆ ಪೊರೆ ಕಟ್ಟುವುದು ನಿಲ್ಲುತ್ತದೆ, ಆದರೆ ಆಗ ಚಹಾದ ಬಣ್ಣವೂ ತಿಳಿಯಾಗುವುದರಿಂದ ಹೋಲಿಕೆಗೆ ಅದು ಕೆಲಸಕ್ಕೆ ಬಾರದು. ಇಲ್ಲಿನ ದಾಖಲೆಗಳೆಲ್ಲ ಕಾವೇರಿ ನೀರಿನವು.

ಈ ಹಂತದಲ್ಲಿ ಹೆಚ್ಚು ಸಮಯ ತೆಗೆದುಕೊಂಡದ್ದು ಡಾರ್ಜಿಲಿಂಗಿನ ಮೊದಲ ಕೊಯ್ಲು, ಎಂದರೆ ಫಸ್ಟ್ ಫ್ಲಶ್. ಚಳಿಗಾಲದ ನಂತರ ಗಿಡ ಮತ್ತೆ ಚಿಗುರುವ ಮಾರ್ಚ್, ಏಪ್ರಿಲ್ ಹೊತ್ತಿನ ಎಲೆ ಇದು. ನೆನೆದ ಎಲೆಯನ್ನು ಬಿಳಿ ತಟ್ಟೆಯ ಮೇಲೆ ಹರಡಿದರೆ ಕಂದು ಎಲೆಗಳ ನಡುವೆ ಎದ್ದು ಕಾಣುವಷ್ಟು ಹಸಿರು ಎಲೆಗಳಿರುತ್ತವೆ, ಕೆಲವು ಒಂದೇ ಎಲೆಯಲ್ಲಿ ಅಂಚು ಕಂದಾಗಿ ನಡುವೆ ಹಸಿರಾಗಿಯೇ ಉಳಿದಿರುತ್ತವೆ. ಕಪ್ಪು ಚಹಾದಲ್ಲಿ ಹೀಗೇಕೆ ಎಂಬುದಕ್ಕೆ ಕಾರಣ ಕಾರ್ಖಾನೆಯಲ್ಲಿದೆ. ಎಲೆಯನ್ನು ಬಾಡಿಸಿ ಹೊಸೆದಾಗ ಜೀವಕೋಶಗಳು ಒಡೆದು, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವು ಗಾಳಿಯ ಆಮ್ಲಜನಕದ ನೆರವಿನಿಂದ ಎಲೆಯ ಪಾಲಿಫಿನಾಲ್‌ಗಳಾದ ಕ್ಯಾಟೆಚಿನ್‌ಗಳನ್ನು ಮೊದಲು ಥಿಯಾಫ್ಲಾವಿನ್ ಆಗಿಯೂ ಮುಂದೆ ಥಿಯಾರುಬಿಜಿನ್ ಆಗಿಯೂ ಬದಲಿಸುತ್ತದೆ. ಮೊದಲನೆಯದರಿಂದ ಹೊಂಬಣ್ಣದ ಹೊಳಪು ಮತ್ತು ಚುರುಕು ಒಗರು, ಎರಡನೆಯದರಿಂದ ಕೆಂಪು ಮತ್ತು ಗಟ್ಟಿತನ ಬರುತ್ತವೆ. ಡಾರ್ಜಿಲಿಂಗಿನವರು ಮೊದಲ ಕೊಯ್ಲಿನ ಎಲೆಯನ್ನು ಬಹಳ ಗಾಢವಾಗಿ ಬಾಡಿಸುತ್ತಾರೆ. ಅಷ್ಟು ನೀರು ಕಳೆದುಕೊಂಡ ಎಲೆಯಲ್ಲಿ ಕಿಣ್ವದ ಕೆಲಸ ಅರ್ಧಕ್ಕೇ ನಿಂತು, ಹೂವಿನ ಘಮ ಉಳಿಯುತ್ತದೆ, ಬಣ್ಣ ತಿಳಿ ಹೊನ್ನಿನದಾಗುತ್ತದೆ. ಇದನ್ನು ಕಪ್ಪು ಚಹಾ ಎನ್ನುವುದು ವ್ಯಾಪಾರದ ರೂಢಿಯೇ ಹೊರತು ಎಲೆಯ ಲಕ್ಷಣವಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಕೊಯ್ಲಿನ ವಿಷಯದಲ್ಲಿ ಈ ಗೊಂದಲವಿಲ್ಲ. ಮೇ, ಜೂನ್ ತಿಂಗಳ ಈ ಎಲೆಗೆ ಸಣ್ಣ ಹಸಿರು ಜಿಗಿಹುಳುಗಳು ಮುತ್ತಿ ರಸ ಹೀರುತ್ತವೆ. ಗಾಯಗೊಂಡ ಗಿಡ ತನ್ನ ರಕ್ಷಣೆಗಾಗಿ ಹುಟ್ಟಿಸುವ ಸುವಾಸನೆಯ ದ್ರವ್ಯಗಳಿಂದಲೇ ಮಸ್ಕಟೆಲ್ ಎಂದು ಹೆಸರಾದ ದ್ರಾಕ್ಷಿಯ ಘಮಕ್ಕೆ ಮೈ ಬರುತ್ತದೆ. ಬೆಲೆಯಲ್ಲಿ ಮೊದಲ ಕೊಯ್ಲು ಮೇಲಿದ್ದರೂ ರುಚಿಯಲ್ಲಿ ನನ್ನ ಮತ ಎರಡನೆಯದಕ್ಕೆ. ಒಂದೇ ಗಿಡ, ಒಂದೇ ಬೆಟ್ಟ, ಎರಡು ತಿಂಗಳ ಅಂತರ. ಆದರೂ ಈ ಎರಡು ಲೋಟಗಳ ನಡುವಿನ ವ್ಯತ್ಯಾಸ ಡಾರ್ಜಿಲಿಂಗಿಗೂ ನೀಲಗಿರಿಗೂ ಇರುವುದಕ್ಕಿಂತ ಹೆಚ್ಚೇ ಇದೆ. ಪೊಟ್ಟಣದ ಮೇಲೆ ಊರಿನ ಹೆಸರಿಗಿಂತ ದೊಡ್ಡದಾಗಿ ಕೊಯ್ಲಿನ ತಿಂಗಳನ್ನು ಮುದ್ರಿಸಬೇಕು ಎಂದು ಈಗ ಅನ್ನಿಸುತ್ತಿದೆ.

ಹಿಂದಿನ ಭಾಗಗಳ ದಾಖಲೆಗೆ ಸೇರಿಸಬೇಕಾದ ಹೊಸ ಪರೀಕ್ಷೆಯೊಂದಿದೆ. ಸೋಸಿದ ಚಹಾವನ್ನು ಗಾಜಿನ ಲೋಟದಲ್ಲಿ ಆರಲು ಬಿಟ್ಟು, ನಂತರ ಫ್ರಿಜ್ಜಿನಲ್ಲಿಟ್ಟು ನೋಡುತ್ತಿದ್ದೇನೆ. ಅಸ್ಸಾಮಿನ ಎರಡನೆಯ ಕೊಯ್ಲಿನ ಚಹಾ ತಣಿದಂತೆಲ್ಲ ಕದಡಿ, ಕೊನೆಗೆ ಹಾಲಿನ ಹನಿ ಬಿದ್ದಂತೆ ಮಸುಕಾಯಿತು. ನೀಲಗಿರಿಯ ಚಹಾದ ಮೂಲಕ ಮಾತ್ರ ಹಿಂದಿಟ್ಟ ಪತ್ರಿಕೆಯ ಅಕ್ಷರಗಳನ್ನು ಓದಬಹುದಿತ್ತು. ಕೆಫೀನ್ ಮತ್ತು ಥಿಯಾಫ್ಲಾವಿನ್‌ಗಳು ತಂಪಿನಲ್ಲಿ ಒಂದಕ್ಕೊಂದು ಅಂಟಿ ಕಣಗಳಾಗುವುದೇ ಈ ಮಸುಕಿಗೆ ಕಾರಣ, ಹಾಗಾಗಿ ಅದು ದೋಷವಲ್ಲ, ಗಟ್ಟಿ ಚಹಾದ ಗುರುತು. ಮತ್ತೆ ಬಿಸಿ ಮಾಡಿದರೆ ತಿಳಿಯಾಗುತ್ತದೆ. ಐಸ್ ಟೀ ಮಾಡುವವರು ನೀಲಗಿರಿಯನ್ನು ಹುಡುಕಿಕೊಂಡು ಹೋಗುವುದಕ್ಕೂ ಇದೇ ಕಾರಣ. ಅಲ್ಲಿ ವರ್ಷವಿಡೀ ಕೊಯ್ಲಿದ್ದರೂ ಡಿಸೆಂಬರ್, ಜನವರಿಯ ಚಳಿಯ ಎಲೆಗೆ ಘಮ ಹೆಚ್ಚು. (ಕೋಟಗಿರಿ, ಕೂನೂರಿನ ಸುತ್ತ ಚಹಾ ಬೆಳೆಯುವ ಸಣ್ಣ ರೈತರಲ್ಲಿ ಬಡಗರು ಬಹಳ; ಅವರ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಅಲ್ಲಿ ಚಹಾ ಕೊಳ್ಳುವಾಗ ಕಿವಿಗೊಟ್ಟರೆ ಅರ್ಧ ತಿಳಿಯುತ್ತದೆ.)

ಸಿಟಿಸಿ ಚಹಾ, ಎಂದರೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ್ದು, ಈ ಪಟ್ಟಿಯಲ್ಲಿಲ್ಲ. ವಿಲಿಯಂ ಮೆಕರ್ಚರ್ 1930ರಲ್ಲಿ ಅಸ್ಸಾಮಿನಲ್ಲಿ ರೂಪಿಸಿದ ಯಂತ್ರದಿಂದ ಬಂದ ಆ ಹರಳು ಚಹಾ ಹಾಲಿನೊಂದಿಗೆ ಕುದಿಯಲೆಂದೇ ಇರುವುದು. ಅದನ್ನು ಬರಿನೀರಿನಲ್ಲಿ ಅಳೆಯುವುದು ನ್ಯಾಯವಲ್ಲ. ಹಾಲು ಹಾಕಿಯೇ ಅದನ್ನು ಮುಂದೆ ಪ್ರತ್ಯೇಕವಾಗಿ ನೋಡುವವನಿದ್ದೇನೆ, ಕಾಫಿ ನಾಡೆನಿಸಿದ ಚಿಕ್ಕಮಗಳೂರು ಜಿಲ್ಲೆಯ ಚಹಾವನ್ನೂ ಆಗ ಸೇರಿಸಿಕೊಳ್ಳುತ್ತೇನೆ.

ಮುಂದಿನದು ಸಿಲೋನ್. 1867ರಲ್ಲಿ ಜೇಮ್ಸ್ ಟೇಲರ್ ಲೂಲ್‌ಕಂದುರದಲ್ಲಿ ತೋಟ ಹಾಕಿದ ಮೇಲೆ, ಎಲೆ ತುಕ್ಕು ರೋಗ ಕಾಫಿಯನ್ನು ಅಳಿಸಿಹಾಕಿದ್ದರಿಂದ ಚಹಾ ಹಬ್ಬಿದ ದ್ವೀಪ ಅದು. ಅಲ್ಲಿ ಚಹಾವನ್ನು ಎತ್ತರದಿಂದ ವಿಂಗಡಿಸುತ್ತಾರೆ: 600 ಮೀಟರಿಗಿಂತ ಕೆಳಗಿನದು, ಅಲ್ಲಿಂದ 1200ರವರೆಗಿನದು, ಅದಕ್ಕೂ ಮೇಲಿನದು. ನುವಾರ ಎಲಿಯದ ತಿಳಿ ಚಹಾವನ್ನೂ ದಕ್ಷಿಣದ ತಗ್ಗು ಪ್ರದೇಶದ ಕಡು ಚಹಾವನ್ನೂ ಒಟ್ಟಿಗೆ ಇಟ್ಟು, ಎತ್ತರದ ಪ್ರಭಾವ ಕೊಯ್ಲಿನ ತಿಂಗಳ ಪ್ರಭಾವಕ್ಕಿಂತ ಹೆಚ್ಚೇ ಎಂದು ನೋಡಬೇಕು. ಚೀನಾದ ಮಾದರಿಗಳಲ್ಲಿ ಪೈನ್ ಸೌದೆಯ ಹೊಗೆಯಲ್ಲಿ ಒಣಗಿಸಿದ ಲ್ಯಾಪ್ಸಾಂಗ್ ಸೂಚಾಂಗ್ ಮಾತ್ರ ಈಗಾಗಲೇ ಕೈಸೇರಿದೆ; ಅದರ ಹೊಗೆ ವಾಸನೆ ಪಕ್ಕದ ಎಲೆಗಳಿಗೂ ಹತ್ತುವುದರಿಂದ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಬೇರೆ ಕೋಣೆಯಲ್ಲಿಟ್ಟಿದ್ದೇನೆ.