ರೇಷನ್ ಕಾರ್ಡ್ ಕೆಲಸ ಅಂತ ಬಂದವಳು

ವಿಜಯಪುರದಲ್ಲಿ ಮಹಿಳೆಯರ ಸಹಾಯ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕಿಯಾಗಿದ್ದೇನೆ. ಸೇರಿದ ಹೊಸತರಲ್ಲಿ ನಾನು ಮಾಡಿದ ತಪ್ಪು ಇದು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಮೇ ತಿಂಗಳು. ಫ್ಯಾನಿನ ಗಾಳಿಯೂ ಬಿಸಿ. ಇಂಡಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. "ಬಾಯಾರ, ಅತ್ತಿ ಮನಿ ರೇಷನ್ ಕಾರ್ಡಿನ್ಯಾಗಿಂದ ನನ್ನ ಹೆಸರು ತಗಸಬೇಕಾಗೇತ್ರಿ" ಅಂದಳು. ಅದು ನಮ್ಮ ಕೆಲಸವಲ್ಲ, ತಹಶೀಲ್ದಾರ್ ಕಚೇರಿಗೆ ಹೋಗಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಐದೇ ನಿಮಿಷ. ಮುಂದಿನವರನ್ನು ಕರೆದೆ.

ಅವಳು ಹೊರಗೆ ನೀರಿನ ಕೊಡದ ಹತ್ತಿರ ಕೂತಳಂತೆ. ನೀರು ಕೊಟ್ಟವರು ನಮ್ಮ ಆಯಾ. ಸ್ವಲ್ಪ ಹೊತ್ತಿಗೆ ಅವರು ಒಳಗೆ ಬಂದರು. "ಬಾಯಾರ, ಈ ಬಿಸಲಾಗ ಆಕಿ ಉದ್ದ ತೋಳಿನ ಜಂಪರ್ ಹಾಕ್ಯಾಳ, ನೋಡಿದ್ರೇನ್ರಿ? ಗಂಡ ಹಂಚು ಒತ್ಯಾನಂತ."

ನಾನು ನೋಡಿರಲಿಲ್ಲ. ಅವಳನ್ನು ಮತ್ತೆ ಒಳಗೆ ಕರೆದೆ. ತೋಳು ಮೇಲೆ ಸರಿಸಿದಳು. ರೊಟ್ಟಿ ಹಂಚಿನ ಅಂಚು ಬಿಲ್ಲಿನ ಹಾಗೆ ಮೂಡಿತ್ತು. ಒಂದು ಕಪ್ಪಾಗಿ ಒಣಗಿತ್ತು, ಇನ್ನೊಂದು ಇನ್ನೂ ಹಸಿ.

ಆ ರಾತ್ರಿ ನೆನಪಾದದ್ದು 'ಕೆರೆಗೆ ಹಾರ'. ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬರಲಿಲ್ಲ ಅಂತ ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವ ಜನಪದ ಹಾಡು. ಓದುವಾಗ ಇದಕ್ಕೆ 'ತ್ಯಾಗ' ಅಂತ ಬರೆದು ಒಳ್ಳೆ ಅಂಕ ತಗೊಂಡವಳು ನಾನು. ಕೊಲೆ ಅನ್ನೋ ಮಾತು ತಲೆಗೇ ಬರಲಿಲ್ಲ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ, ಅಲ್ವಾ?

ಈಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಜಾಗ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಕಣ್ಣಲ್ಲಿ ನೀರು ಯಾಕೆ ಅಂತ ಅಪ್ಪ ಕೇಳಿದರೆ, ಅತ್ತೆ ಮಾವ ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ, ಹೊಲ ಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಪಾಪ, ಅವನು ಕೇಳಿಸಿಕೊಂಡದ್ದಕ್ಕೆ ಸರಿಯಾದ ಉತ್ತರವೇ. ನನ್ನ ಚೀಟಿಯೂ ಅಂಥದ್ದೇ. ಭಾಗೀರಥಿ ನಿಜ ಹೇಳುವುದು ಗೆಳತಿಯ ಹತ್ತಿರ ಮಾತ್ರ.

ಹಾಗಂತ ರೇಷನ್ ಕಾರ್ಡಿನ ಮಾತು ಸುಳ್ಳಲ್ಲ. ತವರಲ್ಲಿ ಇರಬೇಕೆಂದರೆ ಅಕ್ಕಿಗೊಂದು ದಾರಿ ಬೇಕಿತ್ತು. ಬಿಟ್ಟು ಬರುತ್ತೇನೆ ಅನ್ನೋದನ್ನು ಅವಳು ಹಾಗೆ ಹೇಳಿದ್ದಳು.

ಮರುದಿನ ಕೌಟುಂಬಿಕ ಘಟನೆ ವರದಿ, ಅಂದರೆ ಮನೆಯಲ್ಲಿ ನಡೆದ ದೌರ್ಜನ್ಯದ ದಾಖಲೆ, ಬರೆಸಿದೆವು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಹೊಡೆತ ಬಡಿತ ಅಷ್ಟೇ ಅಲ್ಲ, ಬೈಗುಳ, ಖರ್ಚಿಗೆ ಕೊಡದಿರುವುದು ಕೂಡ ದೌರ್ಜನ್ಯವೇ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕು ಅವಳಿಗಿದೆ. ವಕೀಲರ ಖರ್ಚೂ ಇಲ್ಲ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಕೊಡಬೇಕು. ಕೋರ್ಟು ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತಲೂ 2005ರ ಕಾಯ್ದೆಯಲ್ಲಿದೆ. ನಾವು ನೋಡಿದ್ದರಲ್ಲಿ ಜಾಸ್ತಿಯೇ ಹಿಡಿಯುತ್ತದೆ, ಆ ಮಾತು ಬೇರೆ.

ಆಮೇಲೆ ನಾನು ಕೆಲಸದ ಕ್ರಮ ಬದಲಿಸಿದೆ. ಯಾರು ಏನೇ ಕೇಳಿಕೊಂಡು ಬಂದರೂ ಅದನ್ನು ಬರೆದುಕೊಂಡು ಪೆನ್ನು ಕೆಳಗಿಡುತ್ತೇನೆ. "ಇನ್ನೇನವ್ವಾ?" ಅಂತ ಕೇಳಿ ಸುಮ್ನೆ ಕೂರುತ್ತೇನೆ. ಆ ಸುಮ್ಮನಿರುವುದು ಬಹಳ ಕಷ್ಟ. ಹೊರಗೆ ಸಾಲು ಇರುತ್ತದೆ, ಫೋನು ಹೊಡೆದುಕೊಳ್ಳುತ್ತದೆ.

ಹಾಡಿನ ಗೆಳತಿ ನಿಜ ಕೇಳಿಯೂ, ಕೊಟ್ಟರೆ ಕೊಡಲಿ, ಇಟ್ಟ ಹಾಗೆ ಇರಬೇಕು ಅಂತ ಕಳಿಸಿಬಿಡುತ್ತಾಳೆ. ನಮ್ಮ ಆಯಾ ಹಾಗೆ ಕಳಿಸಲಿಲ್ಲ. ಈಗ ನೀರಿನ ಕೊಡದ ಪಕ್ಕ ಎರಡು ಕುರ್ಚಿ ಹಾಕಿಸಿದ್ದೇನೆ. ಒಂದು ಬಂದವರಿಗೆ, ಒಂದು ಆಯಾಗೆ. ಹನ್ನೊಂದರ ಚಹಾ ಮಾತ್ರ ಹನ್ನೆರಡಕ್ಕೆ ಬರುತ್ತಿದೆ.