ಅಂಚಿಗೆ ತಗುಲಿದರೆ ಮೊಲ ಬೀಳಬಾರದು

ಏರ್‌ಗನ್ನಿನ ಗುರಿ ಅಭ್ಯಾಸಕ್ಕೆ ಅಂತ ನಾನೊಂದು ತಗಡಿನ ಮೊಲ ಮಾಡ್ತಿದ್ದೀನಿ. ಅದರಲ್ಲಿನ ರಂಧ್ರದೊಳಗೆ ಗುಂಡು ಹೋದರೆ ಮಾತ್ರ ಅದು ಬೀಳಬೇಕು. ನಿನ್ನೆ ಮಧ್ಯಾಹ್ನ ಮೂರೂವರೆಗೆ ಪೆಲೆಟ್ (ಏರ್‌ಗನ್ನಿನ ಸೀಸದ ಗುಂಡು) ಹೋಗಿ ರಂಧ್ರದಿಂದ ನಾಲ್ಕು ಮಿ.ಮೀ. ಆಚೆ ತಗಡಿಗೆ ಬಡಿಯಿತು. ಟಣ್ ಅಂತ ಸದ್ದಾಯ್ತು. ತಗಡಿನ ಮೊಲ ಕಿವಿತುದಿಯವರೆಗೆ ನಡುಗಿತು, ಆದರೆ ಬೀಳಲಿಲ್ಲ. ನಾಲ್ಕು ತಿಂಗಳಿಂದ ನಾನು ಕಾಯ್ತಾ ಇದ್ದದ್ದು ಈ ಬೀಳದ ಮೊಲಕ್ಕೇ. ಇನ್ನೂ ಹತ್ತು ಸಲ ಬೇಕಂತಲೇ ರಂಧ್ರದ ಆಚೆ ತಗಡಿಗೇ ಹೊಡೆದೆ. ಹತ್ತೂ ಸಲ ನಿಂತೇ ಇತ್ತು. ಪುಣೆಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಒಬ್ಬನೇ ನಗ್ತಾ ಬಂದೆ.

ಏರ್‌ಗನ್ನಿನ ಗುರಿಯಾಟ ಫೀಲ್ಡ್ ಟಾರ್ಗೆಟ್ ಆಡೋರಿಗೆ ಇದೇನು ಅಂತ ಹೇಳಬೇಕಿಲ್ಲ. 1980ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆಟ. ಪ್ರಾಣಿಯಾಕಾರದ ತಗಡು, ಅದರಲ್ಲೊಂದು ರಂಧ್ರ, ರಂಧ್ರದ ಹಿಂದೆ ಪ್ಯಾಡಲ್ ಅನ್ನೋ ಪುಟ್ಟ ತಟ್ಟೆ. ಪೆಲೆಟ್ ರಂಧ್ರದೊಳಗೆ ನುಗ್ಗಿ ಪ್ಯಾಡಲ್‌ಗೆ ಬಡಿದರೆ ತಗಡನ್ನು ನಿಲ್ಲಿಸಿದ್ದ ಕೊಂಡಿ ಬಿಚ್ಚಿ ಅದು ಹಿಂದಕ್ಕೆ ಮಲಗುತ್ತೆ, ಹಗ್ಗ ಎಳೆದರೆ ಮತ್ತೆ ಎದ್ದು ನಿಲ್ಲುತ್ತೆ. ನಾನು ಮಾಡ್ತಿರೋದೂ ಅದೇ. ಕತ್ತರಿಸಿದ್ದು, ವೆಲ್ಡಿಂಗ್, ಬಣ್ಣ ಎಲ್ಲ ಬಿಟ್ಟುಬಿಡ್ತೀನಿ.

ಇದು ಶುರುವಾದದ್ದು ಅಕ್ಕನ ಮಗನಿಂದ. ಅವನು ಕೆಲಸಕ್ಕೆ ಅಂತ ಇಂಗ್ಲೆಂಡಿನ ಯಾರ್ಕ್‌ಶೈರ್‌ಗೆ ಹೋಗಿ ಮೂರು ವರ್ಷವಾಯ್ತು. ಅಲ್ಲೊಬ್ಬ ರೈತರು ಹೊಲದಲ್ಲಿ ಮೊಲ ಹೊಡೆಯೋಕೆ ಅನುಮತಿ ಕೊಟ್ಟಿದ್ದಾರೆ. ಅಲ್ಲಿ 1954ರ ಪೆಸ್ಟ್ಸ್ ಆಕ್ಟ್ ಪ್ರಕಾರ ಮೊಲದ ಹಾವಳಿ ತಡೆಯೋದು ಜಮೀನು ಹಿಡಿದವರ ಹೊಣೆ. ಅವನ ಏರ್‌ಗನ್ ಅಲ್ಲಿನ ಮಿತಿಯೊಳಗಿನದು, ಹೊಡೆತದ ಶಕ್ತಿ 12 ಫುಟ್‌ಪೌಂಡ್, ಅಂದರೆ 16 ಜೂಲ್ ಚಿಲ್ಲರೆ. ಫೋನ್ ಮಾಡಿ, "ಮಾವ, ಎಷ್ಟು ದೂರದಿಂದ ಹೊಡೆದರೆ ತಪ್ಪಲ್ಲ?" ಅಂತ ಕೇಳಿದ. "ಹೊಡೆಯಬಹುದು" ಅಂತಲ್ಲ, "ತಪ್ಪಲ್ಲ" ಅಂತ. ಆ ಒಂದು ಮಾತಿಗೆ ನನ್ನ ನಾಲ್ಕು ತಿಂಗಳು ಹೋಗಿದೆ. ಹೋಗಿದ್ದಕ್ಕೆ ಬೇಸರವಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಮೊಲಕ್ಕೆ ಗುರಿಯಿಡೋ ಮಾತೇ ಇಲ್ಲ, ಇರಲೂಬಾರದು. ಪುಣೆ ಜಿಲ್ಲೆಯ ಶಿರೂರು ಕಡೆ ಗೆಳೆಯರೊಬ್ಬರ ಖಾಲಿ ಬಿದ್ದ ಕೋಳಿ ಶೆಡ್ಡು ನನ್ನ ಗುರಿ ಅಭ್ಯಾಸದ ರೇಂಜು. ಉದ್ದ 34 ಮೀಟರ್, ಕೊನೆಯಲ್ಲಿ ಮರಳಿನ ಚೀಲದ ಗೋಡೆ. ಪಕ್ಕದ ಈರುಳ್ಳಿ ಹೊಲದ ಕಾಕಾ ಮೊದಲ ದಿನವೇ ಬಂದು ನೋಡಿ, "ಅಹೋ, ಲೋಖಂಡಾಚಾ ಸಸಾ ಕಶಾಲಾ, ಖರಾ ಆಹೇ ಕೀ ಶೇತಾತ್!" ಅಂದರು. ಹೊಲದಲ್ಲಿ ನಿಜವಾದ ಮೊಲ ಇರುವಾಗ ಕಬ್ಬಿಣದ್ದು ಯಾಕೆ ಅಂತ. ಇಬ್ಬರೂ ನಕ್ಕೆವು. ಕಾನೂನು ಹೇಳಿದೆ. ಆಮೇಲೆ ನಮ್ಮಜ್ಜನ ಕಥೆ ಹೇಳಿದೆ.

ಕೊಪ್ಪದ ಹತ್ತಿರ ನಮ್ಮೂರು. 1969, ನನಗೆ ಏಳು ವರ್ಷ. ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ಒಂದು ರಾತ್ರಿ ಗದ್ದೆ ಅಂಚಿನಲ್ಲಿ ಮೊಲಕ್ಕೆ ಈಡು ಹೊಡೆದರು, ಸರಿಯಾಗಿ ತಗುಲಲಿಲ್ಲ. ಮೊಲಕ್ಕೆ ದನಿ ಇದೆ ಅಂತ ನನಗೆ ಅವತ್ತು ಗೊತ್ತಾಯ್ತು. ಹಸುಗೂಸು ಕಿರುಚಿದ ಹಾಗೆ ಕಿರುಚಿತು, ಆಮೇಲೆ ಸದ್ದಿಲ್ಲ. ಅಜ್ಜ ಬ್ಯಾಟರಿ ಹಿಡಿದು ಮಧ್ಯರಾತ್ರಿವರೆಗೆ ಹುಡುಕಿದರು. ಬೆಳಿಗ್ಗೆ ಲಂಟಾನದ ಬುಡದಲ್ಲಿ ಸಿಕ್ಕಿತು. ಹಿಂಗಾಲು ಮುರಿದಿತ್ತು, ಸುತ್ತಲಿನ ಮಣ್ಣನ್ನು ಮುಂಗಾಲಲ್ಲಿ ಕೆರೆದು ಕೆರೆದು ಅಂಗೈ ಆಳದ ಗುಂಡಿ ಮಾಡಿತ್ತು. ಅಜ್ಜ ಅದನ್ನು ಅಡಿಗೆಮನೆಗೆ ತರಲೇ ಇಲ್ಲ. "ರಾತ್ರಿಯಿಡೀ ನರಳಿದ್ದು, ಬೇಡ" ಅಂತ ಹಲಸಿನ ಮರದ ಕೆಳಗೆ ಹೂತರು.

ಆ ಗುಂಡಿ ನನ್ನ ಕಣ್ಣಿಂದ ಹೋಗಿಲ್ಲ. ಹಾಗಾಗಿ ನಾನು ಮಾಡೋ ಮೊಲ ಸುಳ್ಳು ಹೇಳಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಸರಿಯಾದ ಜಾಗಕ್ಕೆ ಬಿದ್ದರೆ ಮಾತ್ರ ಅದು ಮಲಗಬೇಕು.

ಆದರೆ ಮೊದಲ ಮೊಲ ಸುಳ್ಳನ್ನೇ ಹೇಳ್ತಿತ್ತು. ರಂಧ್ರದಿಂದ ಆಚೆ ಎಲ್ಲಿ ಬಿದ್ದರೂ ಎರಡರಲ್ಲೊಂದು ಸಲ ಮಲಗಿಬಿಡೋದು. ಸ್ಪ್ರಿಂಗ್ ಗಟ್ಟಿ ಮಾಡಿದೆ. ಆಗ ನಟ್ಟನಡುವೆ ಹೊಡೆದರೂ ಕೊಂಡಿ ಬಿಚ್ಚಲಿಲ್ಲ. ರಬ್ಬರ್ ಪ್ಯಾಡ್ ಕೊಟ್ಟೆ, ಎರಡು ವಾರಕ್ಕೆ ಹರಿದುಹೋಯ್ತು. ಈ ನಡುವೆ ಕತ್ತರಿಸಿಕೊಟ್ಟವರ ಉಪಕಾರ ಬೇರೆ: ಡ್ರಾಯಿಂಗ್‌ನಲ್ಲಿ ಆರು ಮಿ.ಮೀ. ತಗಡು ಅಂತ ದಪ್ಪಕ್ಷರದಲ್ಲಿ ಬರೆದಿದ್ದೆ, ಬಂದದ್ದು ನಾಲ್ಕು. 40 ಮಿ.ಮೀ. ರಂಧ್ರ ಕೇಳಿದ್ದಕ್ಕೆ ವರ್ನಿಯರ್ ಹಿಡಿದರೆ 41.2. ಕೇಳಿದರೆ "ಆಟದ ಸಾಮಾನಿಗೆ ಇಷ್ಟೆಲ್ಲ ಯಾಕೆ ಸಾಹೇಬ್ರೇ" ಅಂದರು. ಮೂವತ್ತೈದು ವರ್ಷ ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ಮಾಡೋ ಟೂಲ್‌ರೂಮಿನಲ್ಲಿ ಕಳೆದವನಿಗೆ ಆ ಮಾತು ಎಲ್ಲಿ ಚುಚ್ಚುತ್ತೆ ಅಂತ ಟೂಲ್‌ರೂಮಿನವರಿಗೇ ಗೊತ್ತು. ಸ್ಪ್ರಿಂಗಿನದೂ ಅದೇ ಗೋಳು. ಸ್ಪ್ರಿಂಗ್ ಸ್ಟೀಲ್ ಅಂತ ಕೊಟ್ಟದ್ದು ಬರೀ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಒಮ್ಮೆ ಎಳೆದರೆ ಎಳೆದಷ್ಟೇ ಉದ್ದ ನಿಲ್ಲೋದು. ಕೊನೆಗೆ ಪುಣೆಯ ಹಾರ್ಡ್‌ವೇರ್ ಅಂಗಡಿಗಳ ಬೀದಿ ಬೋಹ್ರಿ ಆಳಿಯಲ್ಲಿ ನಾನೇ ಅಂಗಡಿ ಅಂಗಡಿ ಹತ್ತಿಳಿದು, ಒಂದೊಂದನ್ನೂ ಎಳೆದು ಬಿಟ್ಟು ನೋಡಿ ಎಂಟು ಆರಿಸಿ ತಂದೆ.

ದಾರಿ ತೋರಿಸಿದ್ದು ಫೋನಿನ ಸ್ಲೋಮೋಷನ್. ಸೆಕೆಂಡಿಗೆ 240 ಫ್ರೇಮಿನಲ್ಲಿ ಹಿಂಬದಿಯಿಂದ ತೆಗೆದೆ. ಪ್ಯಾಡಲ್ ಅಲುಗಿಯೇ ಇಲ್ಲ. ತಗಡು ಹಿಂದಕ್ಕೆ ಒದೆಸಿಕೊಂಡು ಮುಂದಕ್ಕೆ ಪುಟಿಯುತ್ತೆ. ಅದೇ ಕ್ಷಣಕ್ಕೆ ಕೊಂಡಿ ತನ್ನ ಭಾರಕ್ಕೆ ತಾನೇ ಎಗರುತ್ತೆ. ಅಲ್ಲಿಗೆ ಸ್ಪ್ರಿಂಗಿನ ತಪ್ಪಲ್ಲ ಅಂತಾಯ್ತು. ಕೊಂಡಿಯ ಭಾರವೆಲ್ಲ ತಿರುಗಣೆ ಪಿನ್ನಿನ ಒಂದೇ ಕಡೆ ಇತ್ತು. ಒದೆತ ಬಿದ್ದಾಗ ಅದು ತಿರುಗದೆ ಇನ್ನೇನು ಮಾಡುತ್ತೆ?

ತಕ್ಕಡಿ ನೆನಪಾಯ್ತು. ಪಿನ್ನಿನ ಆಚೆಗೂ ಕೊಂಡಿಗೆ ಒಂದು ಬಾಲ ಬೆಸೆದೆ, ಬಾಲದ ತುದಿಗೆ ಆರು ಮಿ.ಮೀ.ನ (ಎಂ6) ಬೋಲ್ಟು, ಅದಕ್ಕೆರಡು ನಟ್ಟು. ಸ್ಪ್ರಿಂಗ್ ಕಳಚಿ, ಕೊಂಡಿಯನ್ನು ಯಾವ ಕೋನದಲ್ಲಿ ಬಿಟ್ಟರೆ ಆ ಕೋನದಲ್ಲೇ ನಿಲ್ಲೋವರೆಗೆ ನಟ್ಟು ತಿರುಗಿಸ್ತಾ ಕೂತೆ. ಎರಡು ಕಡೆ ಭಾರ ಸಮವಾದರೆ ಒದೆತ ಎಷ್ಟೇ ಇದ್ದರೂ ತಿರುಗೋಕೆ ಕಾರಣ ಇರಲ್ಲ. ಕೊಂಡಿಯ ಹಲ್ಲಿಗೂ ಅರ ಹಾಕಿ ಮೂರು ಡಿಗ್ರಿ ಒಳಮುಖ ಮಾಡಿದೆ. ತಗಡು ಹಿಂದಕ್ಕೆ ಒತ್ತಿದಷ್ಟೂ ಅದು ಇನ್ನೂ ಗಟ್ಟಿಯಾಗಿ ಕಚ್ಚುತ್ತೆ. ಈಗ ಸ್ಪ್ರಿಂಗು ಎಷ್ಟು ಮೆದು ಅಂದರೆ ಕಿರುಬೆರಳಲ್ಲಿ ಪ್ಯಾಡಲ್ ಒತ್ತಿದರೂ ಮೊಲ ಮಲಗುತ್ತೆ, ತಗಡಿಗೆ ಸುತ್ತಿಗೆಯಲ್ಲಿ ಬಡಿದರೂ ಮಲಗಲ್ಲ.

ಇಲ್ಲಿಗೆ ಅರ್ಧ ಮುಗೀತು. ಇನ್ನರ್ಧ ರಂಧ್ರದ ಅಳತೆಯದು. ಗೆಳೆಯರ ಜೊತೆ ಜಗಳ ಬಂದದ್ದೂ ಇದಕ್ಕೇ.

ಆಟದಲ್ಲಿ 40 ಮಿ.ಮೀ. ರಂಧ್ರ ಮಾಮೂಲು. ಆದರೆ ಮೊಲದ ಮಿದುಳು ಹತ್ತು ಗ್ರಾಂ ಆಸುಪಾಸು. ಉಂಡೆ ಕಟ್ಟಿದರೆ ಅಡ್ಡಳತೆ 27 ಮಿ.ಮೀ. ಕೂಡ ದಾಟಲ್ಲ. ಅದಿರೋದು ಕಣ್ಣಿಗೂ ಕಿವಿ ಬುಡಕ್ಕೂ ನಡುವೆ. ಏರ್‌ಗನ್ನಿನಂಥ ಕಡಿಮೆ ಬಲದ ಕೋವಿಗೆ ಅದೊಂದೇ ಜಾಗ. ಎದೆಗೆ ಬಿದ್ದರೆ ಮೊಲ ಸಾಯಬಹುದು, ಆದರೆ ಬಿಲಕ್ಕೆ ಓಡಿಹೋಗಿ ಯಾರ ಕಣ್ಣಿಗೂ ಬೀಳದೆ ನಿಧಾನಕ್ಕೆ ಸಾಯುತ್ತೆ. ಸ್ವಲ್ಪ ಮುಂದಕ್ಕೆ ಸರಿದು ದವಡೆಗೆ ಬಿತ್ತೋ, ಮೇಯೋಕಾಗದೆ ದಿನಗಟ್ಟಲೆ ಒಣಗುತ್ತೆ. ಹಾಗಿರುವಾಗ 40ರ ರಂಧ್ರದ ಅಂಚಿಗೆ ಬಿದ್ದದ್ದನ್ನೂ "ಬಿತ್ತು" ಅಂತ ತೋರಿಸಿದರೆ ಹುಡುಗ ಕಲಿಯೋದೇನು?

ಅದಕ್ಕೆ ರಂಧ್ರ ಹಾಗೇ ಬಿಟ್ಟು ಪ್ಯಾಡಲನ್ನು 25 ಮಿ.ಮೀ.ಗೆ ಇಳಿಸಿದೆ. ಅಂಚಿನಿಂದ ನುಗ್ಗಿದ ಪೆಲೆಟ್ ಪ್ಯಾಡಲ್ ಪಕ್ಕದಿಂದ ಹಾದು ಮರಳಿಗೆ ಹೋಗುತ್ತೆ, ಮೊಲ ನಿಂತೇ ಇರುತ್ತೆ. ಭಾನುವಾರ ಬಂದಿದ್ದ ಗೆಳೆಯರೊಬ್ಬರು ಸ್ಕೋಪಿನಿಂದ ಕಣ್ಣು ತೆಗೆದು, "ರೀ, ಒಳಗೇ ಹೋಯ್ತಲ್ರೀ! ಬಿದ್ದಿಲ್ಲ ನಿಮ್ಮ ಮೊಲ! ಮೋಸ ಇದು" ಅಂತ ಕೂಗಿದರು. ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ ಹತ್ತು ಮೀಟರ್ ಗುರಿ ಅಭ್ಯಾಸ ಮಾಡಿದವರು, ಕೈ ಚೆನ್ನಾಗಿದೆ. "ಒಳಗೆ ಹೋಗಿದೆ, ಸರಿಯಾದ ಜಾಗಕ್ಕಲ್ಲ. ಈಗ ಆ ಮೊಲ ಎಲ್ಲಿದೆ ಹೇಳಿ?" ಅಂದೆ. ಅವರು ಮಾತಾಡಲಿಲ್ಲ. ಚಹಾ ಕುಡಿದಮೇಲೆ ಐದು ಮೀಟರ್ ಮುಂದೆ ಬಂದು ಕೂತು ಮತ್ತೆ ಗುರಿಯಿಟ್ಟರು. ಈ ಟಾರ್ಗೆಟ್ಟಿನಿಂದ ನನಗೆ ಬೇಕಾಗಿದ್ದದ್ದು ಆ ಐದು ಮೀಟರ್.

ಇನ್ನು ದೂರದ ಲೆಕ್ಕ. ಐದು ಹೊಡೆತದ ಗುಂಪು, ಅಂದರೆ ಐದೂ ಎಷ್ಟು ಅಗಲದೊಳಗೆ ಬಿದ್ದವು ಅಂತ ನೋಡಿ ದೂರ ನಿರ್ಧರಿಸೋದು ನಾವೆಲ್ಲ ಮಾಡೋದೇ. ನನ್ನದು 25 ಮೀಟರಿನಲ್ಲಿ 14 ಮಿ.ಮೀ. ಬರುತ್ತೆ. ಆದರೆ ಹೊಲದಲ್ಲಿ ಕೂತವನಿಗೆ ಸಿಗೋದು ಒಂದೇ ಒಂದು, ಅದೂ ಕೈ ಪಳಗುವ ಮೊದಲಿನದು. ಅದಕ್ಕೆ ಅದೇ ದೂರಕ್ಕೆ ಬೇರೆ ಹಾಳೆ ಇಟ್ಟೆ. ಶೆಡ್ಡಿಗೆ ಹೋದ ತಕ್ಷಣ ಒಂದು ಹೊಡೆತ, ಊಟವಾಗಿ ಒಂದು ತಾಸಿಗೆ ಒಂದು, ಹೊರಡುವ ಮುಂಚೆ ಒಂದು. ಮೊಣಕಾಲೂರಿ, ಏನೂ ಆನಿಸಿಕೊಳ್ಳದೆ. ಪ್ರತಿಯೊಂದನ್ನೂ ಟ್ರೇಸಿಂಗ್ ಹಾಳೆಗೆ ಸೂಜಿಯಲ್ಲಿ ಚುಚ್ಚಿಟ್ಟೆ. ಹತ್ತು ಸಲ ಹೋದಾಗ 30 ಚುಕ್ಕೆ. ಅದರಲ್ಲಿ 25 ಮಿ.ಮೀ. ವೃತ್ತದೊಳಗೆ ಬಿದ್ದದ್ದು 24. ಉಳಿದ ಆರನ್ನು ಮೊಲದ ತಲೆಯ ಚಿತ್ರದ ಮೇಲಿಟ್ಟು ನೋಡಿದೆ. ಮೂರು ಗಾಳಿಗೆ ಹೋದಂತೆ, ಒಂದು ಕಿವಿ, ಎರಡು ದವಡೆ.

ಆ ಎರಡು ಚುಕ್ಕೆ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 15 ಮೀಟರಿಗೆ ಬಂದು ಅದನ್ನೇ ಮತ್ತೆ ಮಾಡಿದೆ. ಏಳು ಭೇಟಿ, 21 ಚುಕ್ಕೆ, ಎಲ್ಲವೂ ಒಳಗೆ. ಹಾಗಾಗಿ ನನ್ನ ದೂರ 15 ಮೀಟರ್. 30 ಗಜದಿಂದಲೂ (ಸುಮಾರು 27 ಮೀಟರ್) ಹೊಡೆಯಬಹುದು ಅನ್ನೋ ಮಾತು ನನ್ನ ಕೈಗಲ್ಲ. ಈ ಶೆಡ್ಡಿನಲ್ಲಿ ಗಾಳಿಯೂ ಇಲ್ಲ. ಪಕ್ಕದ ಜಾಲರಿಯ ಟಾರ್ಪಾಲು ಎತ್ತಿ ಕಟ್ಟಿದ ದಿನ ಅದೇ ಗುಂಪು ಬಲಕ್ಕೆ ಸರಿದದ್ದು ನೋಡಿದ್ದೇನೆ.

ಅಕ್ಕನ ಮಗನ ಗನ್ನಿಗೆ ವೇಗ ಅಳೆದ ಚೀಟಿ ಇದೆ, ನನ್ನದಕ್ಕಿಲ್ಲ. ಅದಕ್ಕೇ ಮುಂದೆ ಮಾಡೋದು ಪೆಲೆಟ್ಟಿನ ವೇಗ ಅಳೆಯೋ ಕ್ರೋನೋಗ್ರಾಫ್. 30 ಸೆಂ.ಮೀ. ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಕಿರಣ, ನಡುವಿನ ಹೊತ್ತು ಎಣಿಸೋಕೆ ಆರ್ಡ್ವಿನೋ ಊನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಆ ಅಂತರ ದಾಟೋಕೆ 1250 ಮೈಕ್ರೋಸೆಕೆಂಡ್ ಬೇಕು. ಊನೋ ಎಣಿಸೋದು ನಾಲ್ಕು ನಾಲ್ಕು ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ, ಅಷ್ಟು ನಿಖರತೆ ನನಗೆ ಸಾಕು. ತೊಂದರೆ ಬೇರೆ ಕಡೆ ಇದೆ. ಆರು ಮಿ.ಮೀ. ಉದ್ದದ ಪೆಲೆಟ್ ಕಿರಣಕ್ಕೆ ಅಡ್ಡ ಇರೋದು ಬರೀ 25 ಮೈಕ್ರೋಸೆಕೆಂಡ್. ಬೆಳಕು ಗುರುತಿಸೋ ಮಾಮೂಲಿ ಫೋಟೋಟ್ರಾನ್ಸಿಸ್ಟರ್ ಅಷ್ಟರಲ್ಲಿ ಸರಿಯಾಗಿ ಕಣ್ಣು ಮುಚ್ಚಿ ತೆಗೆಯಲ್ಲ, ಅದಕ್ಕಿಂತ ಚುರುಕಾದ ಫೋಟೋಡಯೋಡೇ ಬೇಕು. ಪುಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ 'ಬುಧವಾರ್ ಪೇಠ್'ಗೆ ಒಂದು ಸುತ್ತು ಹೋಗಬೇಕು. ಯಾರಾದರೂ ಮಾಡಿದ್ದರೆ ಸರ್ಕ್ಯೂಟ್ ಕಳಿಸಿ.

ಮೊಲದಲ್ಲಿ ಒಂದು ಕೆಲಸ ಬಾಕಿ ಇದೆ. ರಂಧ್ರದ ಅಂಚಿಗೇ ಸರಿಯಾಗಿ ಬಡಿದ ಸೀಸ ಎರಡು ಹೋಳಾಗಿ, ಒಂದು ಹೋಳು ಓರೆಯಾಗಿ ಹಾರಿ ಪ್ಯಾಡಲ್‌ಗೆ ತಾಗುತ್ತೆ. ನಿನ್ನೆ ಸಂಜೆ ಅಂಥ ಹೊಡೆತ ಇಪ್ಪತ್ತಾದವು, ಎರಡು ಸಲ ಮೊಲ ಮಲಗಿತು. ಪ್ಯಾಡಲನ್ನು ಇನ್ನೂ 15 ಮಿ.ಮೀ. ಹಿಂದಕ್ಕೆ ಸರಿಸಿ, ಮುಂದೊಂದು ಕೊಳವೆ ಕೊಟ್ಟು ನೋಡ್ತೀನಿ.

ಇವತ್ತು ಬೆಳಿಗ್ಗೆ ಅಕ್ಕನ ಮಗನ ಹಾಳೆ ಬಂತು. ನಾನು ಹೇಳಿದ ಹಾಗೇ, ದಿನಕ್ಕೊಂದೇ ಚುಕ್ಕೆ, 20 ಮೀಟರ್, 20 ದಿನ. ಮೂರು ಹೊರಗಿವೆ. "ಈ ವಾರ ಹೊಲಕ್ಕೆ ಹೋಗಲ್ಲ ಮಾವ, 15ಕ್ಕೆ ಬಂದು ಮತ್ತೆ ಶುರು ಮಾಡ್ತೀನಿ. ರೈತರಿಗೆ ಹೇಳಿದ್ದೀನಿ, ಆಗಲಿ ಅಂದರು" ಅಂತ ಬರೆದಿದ್ದಾನೆ. ಕೆಳಗೆ ಇನ್ನೊಂದು ಪ್ರಶ್ನೆ: ಬಿದ್ದಮೇಲೆ ಸತ್ತಿದೆ ಅಂತ ಗೊತ್ತಾಗೋದು ಹೇಗೆ? ಎರಡನೇ ಪೆಲೆಟ್ ತುಂಬಿಕೊಂಡೇ ಹತ್ತಿರ ಹೋಗು, ಕಡ್ಡಿಯ ತುದಿಯಿಂದ ಕಣ್ಣುಗುಡ್ಡೆ ಮುಟ್ಟು, ರೆಪ್ಪೆ ಮಿಟುಕಿದರೆ ಜೀವ ಇದೆ, ತಡಮಾಡದೆ ಮುಗಿಸು ಅಂತ ಬರೆದೆ. ಕೊಂಡಿಯ ಡ್ರಾಯಿಂಗನ್ನೂ ಕಳಿಸಿದೆ, ಬಾಲದ ನಟ್ಟಿನ ಅಳತೆ ಸಮೇತ.