ಪ್ರೆಷರ್ ವಾಷರ್‌ಗೆ ಬಸ್ ಬೆಲ್ ಹಗ್ಗ: ಫ್ರೇಮ್ ತೊಳಿಯೋ ಜಾಗದ ಸ್ವಿಚ್ ಕೆಲಸ ಇಲ್ಲೀವರ್ಗೂ

ಜುಲೈ ಮೊದಲ್ನೇ ವಾರ

ಮೈಸೂರಲ್ಲಿ ಮನೆ ಹಿಂದಿನ ಶೆಡ್ಡಲ್ಲಿ ನಂದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಶಾಪಿದೆ. ಮದುವೆ ತಾಂಬೂಲದ ಚೀಲ, ಗಣಪತಿ ಕಮಿಟಿ ಹುಡುಗ್ರ ಟೀ ಶರ್ಟು, ನವೆಂಬರ್ ಬಂತು ಅಂದ್ರೆ ಹಳದಿ ಕೆಂಪು ಬಿಟ್ರೆ ಬೇರೆ ಬಣ್ಣಾನೇ ಕಣ್ಣಿಗೆ ಬೀಳಲ್ಲ. ಪ್ರಿಂಟ್ ಹೊಡಿಯೋದು ಇದ್ರಲ್ಲಿ ಅರ್ಧ ಕೆಲಸ ಅಷ್ಟೇ, ಇನ್ನರ್ಧ ತೊಳಿಯೋದು. ಫ್ರೇಮಿನ ಜಾಲರಿ ಮೇಲೆ ಬಳಿಯೋ ಎಮಲ್ಷನ್ ಅನ್ನೋ ಲೇಪಾನ ಡಿಸೈನ್ ಇರೋ ಕಡೆ ಮಾತ್ರ ತೊಳೆದು ಓಪನ್ ಮಾಡೋವಾಗ ನೀರು ಮೆತ್ತಗಿರ್ಬೇಕು, ಆರ್ಡರ್ ಮುಗಿದ್ಮೇಲೆ ಎಮಲ್ಷನ್ ಕಿತ್ತು ಫ್ರೇಮ್ ವಾಪಸ್ ತಗೊಳೋವಾಗ ಜೋರಿರ್ಬೇಕು, ಅದಕ್ಕೇ ಪ್ರೆಷರ್ ವಾಷರ್ ಇಟ್ಕೊಂಡಿರೋದು. ನಂದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ 1800 ವ್ಯಾಟಿನ ಮಿಷನ್ನು, ಫ್ಯಾನ್ ನಾಝಲ್ ಹಾಕಿ ಹೊಡೆದ್ರೆ 43 ಟಿ ಮೆಷ್ (ಸೆಂಟಿಮೀಟರಿಗೆ 43 ಎಳೆ ಇರೋ ಜಾಲರಿ ಬಟ್ಟೆ) ಎರಡು ನಿಮಿಷಕ್ಕೆ ಫಳಫಳ ಅನ್ನುತ್ತೆ.

ಸಮಸ್ಯೆ ಏನಪ್ಪಾ ಅಂದ್ರೆ ಅದರ ಸ್ವಿಚ್ಚು. ಮಿಷನ್ ಮೈಮೇಲೇ ಒಂದು ತಿರುಗ್ಸೋ ನಾಬ್, ಮಿಷನ್ನು ಒದ್ದೆ ನೆಲದ ಮೇಲೆ. ಎಮಲ್ಷನ್ ಕರಗ್ಸೋ ರಿಮೂವರ್ ಫ್ರೇಮಿನ ಎರಡೂ ಕಡೆ ಬಳಿದು ಒಂದೆರಡು ನಿಮಿಷ ಬಿಡ್ಬೇಕು, ಹಂಗಂತ ಅಲ್ಲೇ ಒಣಗೋಕೆ ಬಿಟ್ರೆ ಎಮಲ್ಷನ್ ಮೆಷ್‌ಗೆ ಲಾಕ್ ಆಗ್ಬಿಡುತ್ತೆ, ಆಮೇಲೆ ತಲೆಕೆಳಗಾದ್ರೂ ಬರಲ್ಲ, ಬಟ್ಟೆ ಹರಿದು ಹೊಸದು ಕಟ್ಬೇಕು. ಸೋ ಟೈಮಿಂಗ್ ಮುಖ್ಯ. ಇಪ್ಪತ್ತು ಫ್ರೇಮ್ ಇದ್ರೆ ಇಪ್ಪತ್ತು ಸಲ ಬಗ್ಗಿ, ಕೈಯೆಲ್ಲಾ ಸೋಪು ಸೋಪಾದ ಗ್ಲೌಸಲ್ಲಿ ಆನ್ ಆಫ್ ಆನ್ ಆಫ್. ಯಾರು ಮಾಡ್ತಾರೆ? ನಮ್ ಹುಡುಗ ಬೆಳಿಗ್ಗೆ ಆನ್ ಮಾಡಿದ್ರೆ ಊಟಕ್ಕೆ ಹೋಗೋವರ್ಗೂ ಆಫ್ ಮಾಡ್ತಿರ್ಲಿಲ್ಲ. ಟ್ರಿಗರ್ ಬಿಟ್ರೂ ಮೋಟಾರ್ ಓಡ್ತಾನೇ ಇರುತ್ತೆ, ನೀರು ಪಂಪ್ ಒಳಗೇ ಸುತ್ತಿ ಸುತ್ತಿ ಬಿಸಿಯಾಗಿ ಸೀಲ್ ಎಲ್ಲಾ ಹಾಳು. ಟ್ರಿಗರ್ ಬಿಟ್ಟ ತಕ್ಷಣ ತಾನೇ ನಿಲ್ಲೋ ಮೈಕ್ರೋ ಸ್ವಿಚ್ ಇದರೊಳಗೂ ಇತ್ತಂತೆ, ಹಿಂದಿನ ಓನರ್ ಕಾಲದಲ್ಲೇ ಸುಟ್ಟು ಯಾರೋ ಡೈರೆಕ್ಟ್ ಮಾಡಿದ್ರು.

ಇಷ್ಟಾಗಿದ್ರೆ ಸುಮ್ನಿರ್ತಿದ್ದೆ. ಹೋದ ವಾರ ನಾಬ್ ಮುಟ್ಟಿದಾಗ ಬೆರಳಿಂದ ಮೊಣಕೈವರ್ಗೂ ಜುಂ ಅಂತು. ಮಿಷನ್ನು ಪ್ಲಾಸ್ಟಿಕ್ಕಲ್ವಾ ಅಂತ ಮತ್ತೆ ಮುಟ್ಟಿದೆ (ಬುದ್ಧಿ ನೋಡಿ), ಮತ್ತೆ ಜುಂ.

ಜುಲೈ, ಅದಾದ್ಮೇಲೆ

ಮೊದ್ಲು ಸೋಮಾರಿ ದಾರಿ ಹಿಡಿದಿದ್ದೂ ಹೇಳ್ಬಿಡ್ತೀನಿ. ಆನ್‌ಲೈನಲ್ಲಿ ಒಂದು ರಿಮೋಟ್ ರಿಲೇ (ದೂರದಿಂದ ಆನ್ ಆಫ್ ಮಾಡೋ ಸ್ವಿಚ್ಚು) ಸಿಕ್ತು, ಕೀ ಚೈನ್ ಥರ ಎರಡು ಬಟನ್ನು, ಡಬ್ಬಿ ಮೇಲೆ 10 ಆಂಪ್ ಅಂತ ಬರ್ದಿದ್ರು. 1800 ವ್ಯಾಟ್ ಅಂದ್ರೆ 230 ವೋಲ್ಟಲ್ಲಿ ಸುಮಾರು 8 ಆಂಪ್, ಸಾಕು ಅನ್ಕೊಂಡೆ. ಆದ್ರೆ ಆ 10 ಆಂಪ್ ಹೀಟರ್ ಥರದ ಲೋಡಿಗೆ, ಮೋಟಾರ್ ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಎಳಿಯುತ್ತೆ. ಎರಡು ವಾರ ಚೆನ್ನಾಗಿತ್ತು. ಒಂದಿನ ಆಫ್ ಒತ್ತಿದ್ರೆ ಟಕ್ ಅಂತ ಸೌಂಡ್ ಬಂತು, ಮೋಟಾರ್ ಮಾತ್ರ ನಿಲ್ಲಲಿಲ್ಲ. ಬಿಚ್ಚಿ ನೋಡಿದ್ರೆ ಒಳಗೆ ಸಾಸಿವೆ ಕಾಳಿನಷ್ಟು ಎರಡು ಕಾಂಟ್ಯಾಕ್ಟ್ ಒಂದಕ್ಕೊಂದು ಬೆಸೆದು ಕೂತಿದ್ವು, ಸ್ಕ್ರೂ ಡ್ರೈವರಲ್ಲಿ ಮೀಟಿದ್ಮೇಲೇ ಬಿಟ್ಟಿದ್ದು. ಅದಕ್ಕೂ ಮುಂಚೆ ಇನ್ನೊಂದು ಕಾಮಿಡಿ, ರಿಮೋಟ್ ಪ್ಯಾಂಟ್ ಜೇಬಲ್ಲಿಟ್ಕೊಂಡು ಟೀ ಕುಡಿಯೋಕೆ ಸ್ಟೂಲ್ ಮೇಲೆ ಕೂತ್ರೆ ಒಳಗೆ ಮಿಷನ್ ಗುರ್ ಅಂತು.

ಸರಿ, ಇದು ಆಟ ಅಲ್ಲ ಅಂತ ನಮಗೆ ಗೊತ್ತಿರೋ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸ್ದೆ. ಬಂದವರು ಮಿಷನ್ ನೋಡೋಕೆ ಮುಂಚೆ ಸಾಕೆಟ್ ನೋಡಿ ನಕ್ರು. ದಪ್ಪ ಪಿನ್ನಿನ 16 ಆಂಪ್ ಪ್ಲಗ್ಗನ್ನ ಒಂದು ಅಡಾಪ್ಟರಲ್ಲಿ ಸಿಕ್ಕಿಸಿ 6 ಆಂಪ್ ಸಾಕೆಟ್ಟಿಗೆ ಹಾಕಿದ್ವಿ, ಸಾಕೆಟ್ ಸುತ್ತ ಬ್ರೌನ್ ಕಲರ್ ಬಂದಿತ್ತು. ಅಡಾಪ್ಟರ್ ಬಿಚ್ಚಿದ್ರೆ ಅರ್ತ್ ಪಿನ್ ಒಳಗಡೆ ಯಾವುದಕ್ಕೂ ಸೇರೇ ಇರ್ಲಿಲ್ಲ. ವರ್ಷಗಟ್ಟಲೆ ಅರ್ತ್ ಇಲ್ದೇ ನೀರಲ್ಲಿ ನಿಂತು ಕೆಲಸ ಮಾಡಿದೀವಿ.

ಆಗಸ್ಟ್, ಮೊದಲ್ನೇ ಭಾನುವಾರ

ಸ್ವಿಚ್ಚಿಗಿಂತ ಮುಂಚೆ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಕಟ್ ಮಾಡೋ ಬ್ರೇಕರ್) ಹಾಕಿಸ್ಕೊಳಿ ಅಂದ್ರು, ಹಾಕಿಸ್ದೆ. ಎಂಸಿಬಿ ಇದ್ಯಲ್ಲ ಸಾರ್ ಅಂತ ನಾನೂ ಕೇಳಿದ್ದೆ. 16 ಆಂಪ್ ಎಂಸಿಬಿ ಕೆಳಗೆ ಬೀಳ್ಬೇಕಾದ್ರೆ 16 ಸಾವಿರ ಮಿಲಿ ಆಂಪ್ ದಾಟ್ಬೇಕು, ಮನುಷ್ಯನ ಎದೆಗೆ ಅದರಲ್ಲಿ ನೂರರಲ್ಲೊಂದು ಭಾಗಾನೂ ಬೇಕಾಗಿಲ್ಲ. ಎಂಸಿಬಿ ಇರೋದು ವೈರ್ ಉಳ್ಸೋಕೆ. ಆರ್‌ಸಿಸಿಬಿ ಮಾತ್ರ ಫೇಸಲ್ಲಿ ಹೋದ ಕರೆಂಟು ನ್ಯೂಟ್ರಲ್ಲಲ್ಲಿ ಪೂರ್ತಿ ವಾಪಸ್ ಬಂತಾ ಅಂತ ಲೆಕ್ಕ ನೋಡ್ತಾ ಕೂತಿರುತ್ತೆ, ಕಮ್ಮಿ ಬಂತು ಅಂದ್ರೆ ಮಿಕ್ಕಿದ್ದು ಎಲ್ಲೋ ಯಾರ ಮೈಮೇಲೋ ಹರೀತಿದೆ ಅಂತ ಅರ್ಥ, ಸೆಕೆಂಡಲ್ಲಿ ಮೂರನೇ ಒಂದು ಭಾಗದೊಳಗೆ ಕಟ್.

ಹಾಕಿ, ಅರ್ತ್ ಸರಿ ಮಾಡಿ, ವಾಷರ್ ಪ್ಲಗ್ ಹಾಕಿದ ತಕ್ಷಣ ಟಪ್. ಮತ್ತೆ ಎತ್ತಿದ್ರೆ ಮತ್ತೆ ಟಪ್. ಹುಡುಗ ‘ಹೊಸ ಪೀಸೇ ಡಿಫೆಕ್ಟ್ ಅಣ್ಣ’ ಅಂದ, ನಂಗೂ ಹಂಗೇ ಅನ್ನಿಸ್ತು. ಎಲೆಕ್ಟ್ರಿಷಿಯನ್ ಮೆಗ್ಗರ್ (ಇನ್ಸುಲೇಷನ್ ಸರಿ ಇದ್ಯಾ ಅಂತ ನೋಡೋ ಮೀಟರ್) ಹಾಕಿ ನೋಡಿದ್ರೆ ಮುಳ್ಳು ಹೆಚ್ಚೂ ಕಮ್ಮಿ ಸೊನ್ನೆ ಹತ್ರಾನೇ, ಅಂದ್ರೆ ಒಳಗೆಲ್ಲೋ ಲೀಕ್. ಕವರ್ ಬಿಚ್ಚಿದ್ವಿ. ಕೇಬಲ್ ಮಿಷನ್ ಒಳಗೆ ಹೋಗೋ ಜಾಗದಲ್ಲಿ ರಬ್ಬರ್ ಸೀಳಿ ಫೇಸ್ ವೈರಿನ ತಾಮ್ರ ಒಂದು ಉಗುರಿನಷ್ಟು ಕಾಣ್ತಾ ಇತ್ತು, ಅದರ ಮೇಲೆ ಹಸಿರು ಪಾಚಿ ಥರ ಕಿಲುಬು, ಎಮಲ್ಷನ್ ನೀರು ಇಳಿದು ಇಳಿದು ನಾಬ್ ಬುಡದವರ್ಗೂ ಹಸಿ ಹಸಿ. ಜುಂ ಅಂದಿದ್ದು ಎಲ್ಲಿಂದ ಅಂತ ಆಗ ಗೊತ್ತಾಯ್ತು. ಡಿಫೆಕ್ಟ್ ಅನ್ಕೊಂಡಿದ್ದ ಪೀಸೇ ಒಂದು ನಿಮಿಷದಲ್ಲಿ ಕಂಡುಹಿಡಿದು ಕೊಡ್ತು. ಹೊಸ ಕೇಬಲ್, ಕೇಬಲ್ ಒಳಗೆ ಹೋಗೋ ತೂತಿಗೆ ಹೊಸ ಗ್ಲಾಂಡ್, ಮೋಟಾರು ಎರಡು ದಿನ ಬಿಸಿಲಲ್ಲಿ ಒಣಗಿದ್ಮೇಲೆ ಆರ್‌ಸಿಸಿಬಿ ತೆಪ್ಪಗಿದೆ. ಅದರ ಟೆಸ್ಟ್ ಬಟನ್ ತಿಂಗಳಿಗೊಂದ್ಸಲ ಒತ್ತೋದು ಕ್ಯಾಲೆಂಡರಲ್ಲಿ ಅಮಾವಾಸ್ಯೆ ದಿನ ಗುರುತು ಹಾಕಿದೀನಿ, ಇಲ್ಲಾಂದ್ರೆ ನೆನಪಿರಲ್ಲ.

ಆಗಸ್ಟ್, ಎರಡನೇ ಮೂರನೇ ಭಾನುವಾರ

ಈಗ ಅಸಲಿ ಕೆಲಸ. ನಾನು ಇಟ್ಕೊಂಡ ಷರತ್ತು ಇಷ್ಟೇ, ಒದ್ದೆ ಕೈ ಮುಟ್ಟೋ ಕಡೆ 230 ವೋಲ್ಟ್ ಇರ್ಲೇಬಾರ್ದು, ಮತ್ತೆ ಕರೆಂಟ್ ಹೋಗಿ ಬಂದ್ರೆ ಮಿಷನ್ ತಾನಾಗೇ ಶುರು ಆಗ್ಬಾರ್ದು. ಎರಡನೇದು ನಮ್ಮೂರಲ್ಲಿ ಸಣ್ಣ ವಿಷಯ ಅಲ್ಲ. ಕರೆಂಟ್ ಹೋಯ್ತು ಅಂತ ಗನ್ ಕೆಳಗಿಟ್ಟು ನಾಝಲ್ ಬಿಚ್ತಾ ಇರ್ತೀರ, ಅಷ್ಟೊತ್ತಿಗೆ ಕರೆಂಟ್ ಬಂದ್ರೆ?

ಇದಕ್ಕೆ ಉತ್ತರ ತೋಟದ ಪಂಪ್‌ಸೆಟ್ ಸ್ಟಾರ್ಟರಲ್ಲೇ ಇದೆ. ಹಸಿರು ಬಟನ್ ಒತ್ತಿದ್ರೆ ಕಾಂಟ್ಯಾಕ್ಟರ್, ಅಂದ್ರೆ ಮ್ಯಾಗ್ನೆಟ್ಟಿಂದ ಕೆಲಸ ಮಾಡೋ ದೊಡ್ಡ ಸ್ವಿಚ್ಚು, ಎಳ್ಕೊಂಡು ತನ್ನದೇ ಇನ್ನೊಂದು ಸಣ್ಣ ಕಾಂಟ್ಯಾಕ್ಟಿಂದ ತನ್ನನ್ನೇ ಹಿಡ್ಕೊಂಡಿರುತ್ತೆ, ಕರೆಂಟ್ ಹೋದ್ರೆ ಕೈ ಬಿಡುತ್ತೆ, ವಾಪಸ್ ಬಂದ್ರೆ ಮತ್ತೆ ಯಾರಾದ್ರೂ ಹಸಿರು ಒತ್ಲೇಬೇಕು. ನಮ್ ಮಾವ ಅವರ ಬೋರ್‌ವೆಲ್ಲಿಗೆ ರಾತ್ರಿ ಕರೆಂಟ್ ಬಂದಾಗ ತಾನೇ ಆನ್ ಆಗ್ಲಿ ಅಂತ ದುಡ್ಡು ಕೊಟ್ಟು ಆಟೋ ಸ್ಟಾರ್ಟರ್ ಹಾಕಿಸಿದಾರೆ, ನಾನು ಅದರ ಉಲ್ಟಾ.

ಹಂಗಾಗಿ ಗೋಡೆ ಆಚೆ ಒಣಗಿರೋ ಕಡೆ ಧೂಳು ನೀರು ಒಳಗೆ ಹೋಗದ ಒಂದು ಐಪಿ65 ಡಬ್ಬಿ, ಅದರಲ್ಲಿ 16 ಆಂಪ್ ಎಂಸಿಬಿ, ಆರ್‌ಸಿಸಿಬಿ, 12 ಆಂಪ್ ಕಾಂಟ್ಯಾಕ್ಟರ್. ಕಾಂಟ್ಯಾಕ್ಟರ್ ತಗೊಳೋವಾಗ ಮೋಟಾರ್ ರೇಟಿಂಗ್, ಅಂದ್ರೆ ಎಸಿ3 ಅಂತ ಬರ್ದಿರೋ ಸಾಲು ನೋಡ್ಬೇಕು, ಹೀಟರ್ ಥರದ ಲೋಡಿನ ಎಸಿ1 ಸಾಲಲ್ಲಿ ನಂಬರ್ ಜಾಸ್ತಿ ಇರುತ್ತೆ, ರಿಲೇ ವಿಷಯದಲ್ಲಿ ಮೋಸ ಹೋಗಿದ್ದೂ ಇಂಥದ್ರಲ್ಲೇ. ಫೇಸು ನ್ಯೂಟ್ರಲ್ಲು ಎರಡೂ ಇದರ ಮೂಲಕಾನೇ ಕಟ್ ಆಗುತ್ತೆ. ಅದನ್ನ ಎಳಿಯೋ ಕಾಯಿಲ್ 24 ವೋಲ್ಟ್ ಡಿಸಿದು, ಬಟನ್ನಿಗೆ ಬರೋದೂ ಇದೇ 24 ವೋಲ್ಟು, ಅದಕ್ಕೆ ಡಬ್ಬಿ ಒಳಗಿನ ಪಟ್ಟಿ ಮೇಲೆ (ಡಿನ್ ರೈಲ್) ಕೂರೋ ಒಳ್ಳೆ ಎಸ್‌ಎಂಪಿಎಸ್, ಅಂದ್ರೆ 230 ನ 24 ಮಾಡಿ ಕೊಡೋ ಪವರ್ ಸಪ್ಲೈ. ಇಲ್ಲಿ ಎಲ್‌ಇಡಿ ಸ್ಟ್ರಿಪ್ಪಿನ ಅಗ್ಗದ ಅಡಾಪ್ಟರ್ ಹಾಕೋಕೆ ಹೋಗ್ಬೇಡಿ, ಅದರ ಒಳಗಿನ ಇನ್ಸುಲೇಷನ್ ಕೈ ಕೊಟ್ರೆ 24 ವೋಲ್ಟಿನ ವೈರಲ್ಲೇ 230 ಬಂದು ನಿಲ್ಲುತ್ತೆ, ಇಷ್ಟೆಲ್ಲಾ ಮಾಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಕಾಯಿಲ್ ಅಡ್ಡಕ್ಕೆ ಒಂದು 1ಎನ್4007 ಡಯೋಡ್ ಹಾಕೋದು ಮರೆತಿದ್ದೆ, ಕಾಯಿಲ್ ಆಫ್ ಆದಾಗೆಲ್ಲಾ ಕಾಂಟ್ಯಾಕ್ಟಲ್ಲಿ ನೀಲಿ ಕಿಡಿ ಕಾಣ್ತಿತ್ತು, ಹಾಕಿದ್ಮೇಲೆ ನಿಂತೋಯ್ತು. ವೈರೆಲ್ಲಾ ಡಬ್ಬಿಗೆ ಕೆಳಗಿಂದಾನೇ ಒಳಗೆ ಹೋಗೋದು, ಮೇಲಿಂದ ಹೋದ್ರೆ ನೀರೂ ಅದೇ ದಾರಿ ಹಿಡ್ಕೊಂಡು ಬರುತ್ತೆ.

ಮೈನ್ಸ್ ಕಡೆ ಕೆಲಸ ಎಲ್ಲಾ ಎಲೆಕ್ಟ್ರಿಷಿಯನ್ದೇ. ನಾನು ಮಾಡಿದ್ದು 24 ವೋಲ್ಟ್ ಭಾಗ ಮಾತ್ರ. ಲೇಬರ್ ಬಿಟ್ಟು ಸಾಮಾನಿಗೇ 6,000 ದಾಟ್ತು, ಮನೇಲಿ 4,000 ಅಂತ ಹೇಳಿದೀನಿ.

ಆಗಸ್ಟ್ ಕೊನೆ, ಹಗ್ಗ

ಸ್ಟಾಪ್ ಬಟನ್ ಎಲ್ಲಿಡೋದು ಅನ್ನೋದೇ ದೊಡ್ಡ ತಲೆನೋವಾಯ್ತು. ಕಾಲಲ್ಲಿ ಒತ್ತೋ ಪೆಡಲ್ ಇಡೋಣ ಅಂತ ಹುಡುಗ ಅಂದ. ಗಾಳಿ ಮೇಲೆ ಕೆಲಸ ಮಾಡೋ ಪೆಡಲ್ ಸಿಗುತ್ತೆ, ರಬ್ಬರ್ ಬುಗ್ಗೆ ತುಳಿದ್ರೆ ಸಣ್ಣ ಪೈಪಲ್ಲಿ ಗಾಳಿ ಹೋಗಿ ದೂರದಲ್ಲಿರೋ ಸ್ವಿಚ್ ಒತ್ತುತ್ತೆ, ಕಾಲ ಹತ್ರ ಕರೆಂಟೇ ಇರಲ್ಲ, ಐಡಿಯಾ ಒಳ್ಳೇದೇ. ಆದ್ರೆ ನಮ್ ನೆಲದಲ್ಲಿ ಎಮಲ್ಷನ್ ಲೋಳೆ, ಫ್ರೇಮ್ ತಿರುಗ್ಸೋವಾಗ ಒಂದು ಕಡೆ ನಿಲ್ಲೋಕೇ ಆಗಲ್ಲ, ಇನ್ನು ಪೆಡಲ್ ಹುಡುಕ್ತಾ ಕಾಲಾಡ್ಸಿದ್ರೆ ಜಾರಿ ಬೀಳೋದು ಗ್ಯಾರಂಟಿ.

ಹಳೇ ಸಿಟಿ ಬಸ್ಸಲ್ಲಿ ಕಂಡಕ್ಟ್ರು ಎಲ್ಲಿ ನಿಂತಿದ್ರೂ ತಲೆ ಮೇಲಿನ ಹಗ್ಗ ಎಳೆದು ಟಣ್ ಅನ್ನಿಸ್ತಿದ್ರಲ್ಲ, ಅದು ನೆನಪಾಯ್ತು. ಫ್ರೇಮ್ ತೊಳಿಯೋ ಬೂತ್ ಮೇಲೆ ಆ ಕಡೆಯಿಂದ ಈ ಕಡೆಗೆ ಕೆಂಪು ನೈಲಾನ್ ಹಗ್ಗ, ಒಂದು ತುದಿ ಹುಕ್ಕಿಗೆ, ಇನ್ನೊಂದು ತುದಿ ಲಿಮಿಟ್ ಸ್ವಿಚ್ಚಿನ ಲಿವರ್‌ಗೆ, ವಾಪಸ್ ಎಳ್ಕೊಳೋಕೆ ಒಂದು ಸ್ಪ್ರಿಂಗ್. ಎಲ್ಲಿ ಹಿಡಿದು ಎಳೆದ್ರೂ ಎನ್‌ಸಿ ಕಾಂಟ್ಯಾಕ್ಟ್ (ಸುಮ್ನಿದ್ದಾಗ ಕೂಡಿರೋದು) ಬಿಟ್ಕೊಂಡು ಕಾಂಟ್ಯಾಕ್ಟರ್ ಬಿದ್ದು ಮಿಷನ್ ನಿಲ್ಲುತ್ತೆ. ಮೊಣಕೈಯಲ್ಲಿ ತಳ್ಳಿದ್ರೂ ಸಾಕು.

ಮೊದಲ್ನೇ ದಿನಾನೇ ನಮ್ ಹುಡುಗ ಎರಡು ಸಲ ಎಳೆದು ‘ರೈಟ್ ರೈಟ್’ ಅಂದ. ಆಮೇಲೆ ಸೀರಿಯಸ್ಸಾಗೇ ಕೇಳ್ದ, ಒಂದು ಎಳೆದ್ರೆ ಸ್ಟಾಪು, ಎರಡು ಎಳೆದ್ರೆ ಸ್ಟಾರ್ಟ್ ಮಾಡೋಕಾಗಲ್ವಾ ಅಂತ. ಮಾಡ್ಬೋದು, ಆದ್ರೆ ಮಾಡಲ್ಲ. ಭಯ ಆದಾಗ ಯಾರೂ ಒಂದು ಸಲ ಎಳಿಯಲ್ಲ, ನಾಕು ಸಲ ಜಗ್ತಾರೆ. ಸ್ಟಾರ್ಟ್ ಹಸಿರು ಬಟನ್ನಿಂದ ಮಾತ್ರ, ಅದೂ ಸುತ್ತ ಎತ್ತರದ ಕಟ್ಟು ಇರೋದು, ಬೆರಳು ಒಳಗೆ ಹೋಗ್ಬೇಕು, ಮೈ ತಾಗಿದ್ರೆ ಆನ್ ಆಗಲ್ಲ. ಮೊದ್ಲು ಬಾಗಿಲ ಹತ್ರ ಇಟ್ಟಿದ್ದೆ, ಮೂರು ಹೆಜ್ಜೆ ನಡೀಬೇಕಲ್ಲ ಅಂತ ಗೊಣಗಾಟ ಶುರುವಾಯ್ತು, 24 ವೋಲ್ಟೇ ತಾನೇ ಅಂತ ಬೂತ್ ಬಲಗಡೆ ಎದೆ ಎತ್ತರಕ್ಕೆ ತಂದೆ. ಪಕ್ಕದಲ್ಲೇ ಒಂದು ಕೆಂಪು ಅಣಬೆ ಬಟನ್ನೂ ಇದೆ, ಯಾಕಂದ್ರೆ ಫ್ಯಾಕ್ಟರಿ ಕನ್ವೇಯರಲ್ಲಿರೋ ಅಸಲಿ ಹಗ್ಗದ ಸ್ವಿಚ್ಚು ಹಗ್ಗ ತುಂಡಾದ್ರೂ ಮಿಷನ್ ನಿಲ್ಸುತ್ತೆ, ನಂದಕ್ಕೆ ಆ ಬುದ್ಧಿ ಇಲ್ಲ.

ಸೆಪ್ಟೆಂಬರ್, ಟೈಮರ್

ಸ್ವಿಚ್ ಕೈಗೆ ಸಿಗೋ ಹಂಗೆ ಮಾಡಿದ್ರೂ ಆಫ್ ಮಾಡೋದು ಮರೀತಾರೆ, ನಾನೂ ಮರೀತೀನಿ. ಅದಕ್ಕೆ ವಾಷರ್‌ಗೆ ನೀರು ಬರೋ ಪೈಪಲ್ಲಿ ಒಂದು ಸಣ್ಣ ಫ್ಲೋ ಸ್ವಿಚ್ ಕೂರಿಸ್ದೆ. ಟ್ರಿಗರ್ ಒತ್ತಿದ್ರೆ ನೀರು ಹರಿಯುತ್ತೆ, ಬಿಟ್ರೆ ಪಂಪ್ ಒಳಗೇ ಸುತ್ತೋದ್ರಿಂದ ಈ ಪೈಪಲ್ಲಿ ಹರಿವು ನಿಲ್ಲುತ್ತೆ. ಇದು ಒಂದು ಆಫ್ ಡಿಲೇ ಟೈಮರ್‌ಗೆ ಸಿಗ್ನಲ್, ಹರಿವು ನಿಂತು 60 ಸೆಕೆಂಡ್ ಆದ್ರೆ ಟೈಮರ್ ಕಾಂಟ್ಯಾಕ್ಟರನ್ನ ಬೀಳಿಸುತ್ತೆ. ಶುರುವಲ್ಲಿ ಹರಿವೇ ಇರಲ್ವಲ್ಲ, ಸೋ ಹಸಿರು ಬಟನ್ನಿಗೆ ಎರಡನೇ ಕಾಂಟ್ಯಾಕ್ಟ್ ಹಾಕಿ ಅದೂ ಟೈಮರ್‌ನ ಎಬ್ಬಿಸೋ ಹಂಗೆ ಮಾಡ್ದೆ. ಇದು ಹೊಳೆಯೋಕೆ ಒಂದು ಸಂಜೆ ಪೂರ್ತಿ ಹೋಯ್ತು, ಅಷ್ಟೊತ್ತೂ ಬಟನ್ ಬಿಟ್ರೆ ಮಿಷನ್ ಆಫ್, ಬಿಟ್ರೆ ಆಫ್, ವೈರಿಂಗಲ್ಲೇ ತಪ್ಪಿದೆ ಅನ್ಕೊಂಡು ಮೂರು ಸಲ ಬಿಚ್ಚಿ ಕಟ್ಟಿದೀನಿ.

ಗಣಪತಿ ಆರ್ಡರ್ ಮಧ್ಯೆ ಒಂದಿನ ಇದ್ದಕ್ಕಿದ್ದಂಗೆ ಕೆಲಸದ ನಡುವೇನೇ ಆಫ್ ಆಯ್ತು. ಟೈಮರ್ ಹೋಯ್ತು ಅಂತ ಬೈಕೊಂಡು ಹೋಗಿ ನೋಡಿದ್ರೆ ಮೇಲಿನ ಸಿಂಟೆಕ್ಸ್ ಖಾಲಿ. ನೀರಿಲ್ಲ ಅಂದ್ರೆ ಹರಿವಿಲ್ಲ, ಹರಿವಿಲ್ಲ ಅಂದ್ರೆ ಕಟ್. ಪಂಪ್ ಡ್ರೈ ಓಡೋದಕ್ಕೂ ಇದೇ ಅಡ್ಡ ಬರುತ್ತೆ ಅಂತ ನಾನು ಯೋಚ್ನೇನೇ ಮಾಡಿರ್ಲಿಲ್ಲ. ಒಂದು ನಿಮಿಷ ಡ್ರೈ ಓಡೋದೂ ಜಾಸ್ತಿನೇ, ಅವತ್ತೇ 60 ಇದ್ದಿದ್ದನ್ನ 25 ಸೆಕೆಂಡಿಗೆ ಇಳಿಸ್ದೆ. ಫ್ರೇಮ್ ಬದಲಾಯ್ಸೋ ಅಷ್ಟರಲ್ಲಿ ಆಫ್ ಆಗಿರುತ್ತೆ, ಮತ್ತೆ ಹಸಿರು ಒತ್ತಬೇಕು, ಹುಡುಗನಿಗೆ ಅದೊಂದು ಕೋಪ ಇನ್ನೂ ಇದೆ.

ಅಕ್ಟೋಬರ್, ಈಗ

ಹೋದ ವಾರ ಇದರ ಉಲ್ಟಾ ಆಯ್ತು, ಟ್ರಿಗರ್ ಬಿಟ್ಟು ಐದು ನಿಮಿಷ ಆದ್ರೂ ಆಫ್ ಆಗ್ಲಿಲ್ಲ. ಫ್ಲೋ ಸ್ವಿಚ್ ಬಿಚ್ಚಿದ್ರೆ ಒಳಗಿನ ಮ್ಯಾಗ್ನೆಟ್ ತುಂಡಿನ ಸುತ್ತ ಬೋರ್‌ವೆಲ್ ಮರಳು, ತೆರೆದ ಕಡೆನೇ ಸಿಕ್ಕಾಕೊಂಡಿತ್ತು. ಈಗ ನೀರು ಅದಕ್ಕೆ ಬರೋಕೆ ಮುಂಚೆ ಸೋಸೋ ಹಂಗೆ ಪೈಪಲ್ಲಿ ಒಂದು ಜಾಲರಿ ಫಿಲ್ಟರ್ ಹಾಕಿದೀನಿ, ತೊಳಿಯೋ ಕೆಲಸ ಇನ್ನೊಂದು ಸೇರ್ಕೊಳ್ತು. ಮರಳು ಮ್ಯಾಗ್ನೆಟ್ಟಿಗೆ ಅಂಟೋದು ನೋಡಿದ್ರೆ ನಮ್ ನೀರಲ್ಲಿ ಕಬ್ಬಿಣದ ಅಂಶಾನೂ ಇದ್ಯೇನೋ.

ಬಾಕಿ ಇರೋದು: ಬೂತಿನ ಜಿಐ ಫ್ರೇಮಿಗೆ ಅರ್ತ್ ವೈರ್ ಎಳೀಬೇಕು, ಎಲೆಕ್ಟ್ರಿಷಿಯನ್ ದಸರಾ ಲೈಟಿಂಗ್ ಕೆಲಸದಲ್ಲಿದ್ರು, ಈಗ ಬರ್ತೀನಿ ಅಂದಿದಾರೆ. ಹಗ್ಗ ನೆನೆದು ನೆನೆದು ಜೋಲು ಬಿದ್ದಿದೆ, ಒಂದು ಗೇಣು ಎಳೆದ್ಮೇಲೆ ಸ್ವಿಚ್ ಕ್ಲಿಕ್ ಅನ್ನುತ್ತೆ. ಪ್ಲಾಸ್ಟಿಕ್ ಕೋಟಿಂಗ್ ಇರೋ ಸ್ಟೀಲ್ ವೈರು, ಬಟ್ಟೆ ಒಣಗಾಕೋಕೆ ಕಟ್ತಾರಲ್ಲ ಅದೇ, ಮತ್ತೆ ಬಿಗಿ ಮಾಡೋಕೆ ಟರ್ನ್‌ಬಕಲ್ ತಂದಿಟ್ಟಿದೀನಿ. ರಾಜ್ಯೋತ್ಸವದ 400 ಟೀ ಶರ್ಟ್ ಮುಗಿಯೋವರ್ಗೂ ಬಿಚ್ಚೋಕಾಗಲ್ಲ, ಅಲ್ಲೀವರ್ಗೂ ಹಗ್ಗಕ್ಕೆ ಮಧ್ಯದಲ್ಲಿ ಒಂದು ಗಂಟು ಹಾಕಿ ಗಿಡ್ಡ ಮಾಡಿದೀನಿ.